ಅತ್ತೆಯ ತೌರಿನ ಅರಶಿನ

ಆಷಾಢದ ಒಂದು ಬೆಳಿಗ್ಗೆ ಪುಷ್ಪ ಗಂಜಿಗೆಂದು ಒಣ ಸೀಗಡಿ ಹುರಿಯುತ್ತಿದ್ದಳು. ಹಿತ್ತಿಲಿನಿಂದ ಅತ್ತೆಯ ಕೂಗು ಕೇಳಿತು.

"ಹ್ವಾಯ್ ಪುಷ್ಪಾ! ಒಲೆ ಆರ್ಸಿ ಬಾ ಇಲ್ಲಿ, ಬೇಗ!"

ಅಡುಗೆಯ ನಡುವೆ ಒಲೆ ಆರಿಸು ಎಂದು ಹೇಳುವ ಜಾತಿಯವಳಲ್ಲ ನಾಗಮ್ಮ. ಪುಷ್ಪ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿದಳು. ಅತ್ತೆ ಅರಶಿನದ ಮಡಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಅವಳ ಕೈಯಲ್ಲಿ ಎಲೆ ಹಳದಿಯಾದ ಒಂದು ದಂಟು. ಎಳೆದು ಕಿತ್ತದ್ದಲ್ಲ, ಮುಟ್ಟಿದ ಕೂಡಲೇ ಕೈಗೆ ಬಂದದ್ದು. ಬುಡ ನೀರಾಗಿ ಕಂದಿತ್ತು.

"ಮೂಸಿ ಕಾಣ್," ಎಂದಳು ನಾಗಮ್ಮ.

ಪುಷ್ಪ ಮೂಸಿ ಮುಖ ಆಚೆ ತಿರುಗಿಸಿದಳು. ನಲವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರಿದ ನಾಗಮ್ಮನಿಗೇ ಹೇಸಿಗೆ ಹುಟ್ಟಿಸುವ ವಾಸನೆ ಅದು.

ಮರವಂತೆಯಲ್ಲಿ ಹೆದ್ದಾರಿಗೂ ಹೊಳೆಗೂ ನಡುವೆ ಇರುವ ಈ ಮನೆಯ ಹಿತ್ತಿಲಿಗೆ ಆ ಅರಶಿನ ಬಂದು ನಲವತ್ತೆಂಟು ವರ್ಷ. ನಾಗಮ್ಮ ಮದುವೆಯಾಗಿ ಬಂದ ಮರುವರ್ಷ ಉಪ್ಪುಂದದ ಕಡಲ ಬದಿಯ ತೌರಿನಿಂದ ಒಂದು ಹಿಡಿ ಗೆಡ್ಡೆ ಸೆರಗಿಗೆ ಗಂಟು ಹಾಕಿ ತಂದಿದ್ದಳು. ಆ ತೌರುಮನೆ ಈಗಿಲ್ಲ. ಕಡಲು ಮೊದಲು ತೆಂಗಿನ ಮರಗಳನ್ನು ಕೊಂಡುಹೋಯಿತು, ಮತ್ತೆ ಅಂಗಳವನ್ನು, ಆಮೇಲೊಂದು ಮಳೆಗಾಲ ಗೋಡೆಗಳನ್ನು. ಅಣ್ಣಂದಿರು ಮುಂಬೈ ಸೇರಿ ಅಲ್ಲೇ ತೀರಿಕೊಂಡರು. ಯಾರಾದರೂ ತೌರಿನ ಸುದ್ದಿ ಎತ್ತಿದರೆ ನಾಗಮ್ಮ ಹಿತ್ತಿಲಿಗೆ ಕೈ ತೋರಿಸುತ್ತಿದ್ದಳು. "ನನ್ನ ತೌರ್ ಅಂದ್ರೆ ಈಗ ಇಷ್ಟೇ."

ಮಡಿಯನ್ನು ಅವಳು ಪೂರ್ತಿ ಅಗೆಯುತ್ತಿರಲಿಲ್ಲ. ಮೀನಿಗೆ ಹಚ್ಚಲು ಬೇಕಾದಷ್ಟು ಗೆಡ್ಡೆಯನ್ನು ಅಡುಗೆಮನೆ ಬಾಗಿಲ ಬದಿಯಿಂದ ಒಂದೊಂದೇ ಬುಡಕ್ಕೆ ಕತ್ತಿ ಹಾಕಿ ಮುರಿದುಕೊಳ್ಳುವುದು, ಮೀನು ತೊಳೆದ ನೀರನ್ನು ಅಲ್ಲಿಗೇ ಹೊಯ್ಯುವುದು. ಅಂಗಡಿಯ ಅರಶಿನದ ಪುಡಿ ಈ ಮನೆಯ ಸಾರಿಗೆ ಬಿದ್ದದ್ದಿಲ್ಲ.

"ಯಾರ್ ಹೊಕ್ಕದ್ದ್ ಮಡಿಯೊಳ್ಗೆ?" ನಾಗಮ್ಮ ಎದ್ದು ಸೊಂಟಕ್ಕೆ ಕೈಕೊಟ್ಟಳು. "ನೀ ಹೊಕ್ಕಿದ್ಯಾ?"

"ಇಲ್ಲೆ ಅತ್ತೆ."

ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದ ಪುಷ್ಪಳ ಮಗಳು ಧನ್ಯಶ್ರೀ ಬಾಯಿ ಮುಕ್ಕಳಿಸಿದಳು. ಕುಂದಾಪುರದ ಕಾಲೇಜಿನಲ್ಲಿ ಎರಡನೇ ವರ್ಷ ಓದುವ ಹುಡುಗಿ. ಅಪ್ಪನ ಎತ್ತರ, ಅಜ್ಜಿಯ ಬಾಯಿ. "ನಾ ಹೋಗಿದ್ದೆ ಅಜ್ಜಿ. ಕಡುಬಿಗೆ ಎಲೆ ಕೊಯ್ದದ್ದ್, ಹ್ವಾದ ಮಂಗಳವಾರ."

ನಾಗಮ್ಮ ಬೆರಳು ಮಡಚಿ ದಿನ ಎಣಿಸಿದಳು. "ಮಂಗಳವಾರ ನೀ ಹೊರಗಿದ್ದೆ ಅಲ್ದಾ?"

ಧನ್ಯ ಬಗ್ಗಿ ಬ್ರಶ್ ತೊಳೆದಳು. ಮುಟ್ಟಾದ ಮೂರು ದಿನ ತುಳಸಿ, ವೀಳ್ಯದ ಬಳ್ಳಿ, ಅರಶಿನ, ಇವುಗಳ ಹತ್ತಿರ ಸುಳಿಯಬಾರದು ಎನ್ನುವುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

"ಹಾಂಗಾರೆ ಕೇಳುದೇ ಬ್ಯಾಡ. ಕೊಂದ್ ಹಾಕ್ದೆ ಹೆಣ್ಣೆ, ನನ್ನ ತೌರನ್ನ ಕೊಂದ್ ಹಾಕ್ದೆ!"

"ಎರಡ್ ಎಲೆಗಾ ಅಜ್ಜಿ? ಗಿಡಕ್ಕೆ ಹೇಂಗ್ ಗೊತ್ತಾತ್ತ್ ನಾ ಹೊರಗಿದ್ದದ್ದ್?"

"ಗಿಡಕ್ಕೆ ಗೊತ್ತಾತ್ತ್. ಕಾಲೇಜಿಗೆ ಹೋಪವ್ರಿಗೆ ಗೊತ್ತಾತಿಲ್ಲೆ."

ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ಪುಷ್ಪಳ ಗಂಡ ಚಂದು ತಲೆ ಎತ್ತಲಿಲ್ಲ. ಮಳೆಗಾಲದ ಎರಡು ತಿಂಗಳು ಬೋಟು ಕಡಲಿಗಿಳಿಯದು. ಆಗ ಅವನಿಗೆ ಬಲೆಯೇ ಕಚೇರಿ. "ಹ್ವಾಯ್, ನೀವಾರೂ ಒಂದ್ ಮಾತ್ ಹೇಳಿ," ಎಂದಳು ಪುಷ್ಪ. "ಎಂತ ಹೇಳುದ್?" ಎಂದ ಅವನು. "ಆಚೆ ಅಮ್ಮ, ಈಚೆ ಮಗಳ್. ನಾ ಬಲೆಯೊಳ್ಗೆ ಇಪ್ಪುದೇ ಒಳ್ಳೇದ್."

ಒಲೆಯ ಮೇಲಿದ್ದ ಸೀಗಡಿ ಅಷ್ಟರಲ್ಲಿ ಕರಟಿತ್ತು. ಆ ದಿನ ಎಲ್ಲರೂ ಬರೀ ಉಪ್ಪಿನಕಾಯಿಯಲ್ಲಿ ಗಂಜಿ ಉಂಡರು.

ಮುಂದಿನ ವಾರ ಇನ್ನೂ ನಾಲ್ಕು ಬುಡ ಬಾಗಿದವು. ಪುಷ್ಪ ಬೇಡ ಬೇಡವೆಂದರೂ ನಾಗಮ್ಮ ದಿನಾ ಬೆಳಿಗ್ಗೆ ಮೀನಿನ ಕತ್ತಿ ಹಿಡಿದು ಹೋಗಿ, ಬಾಗಿದ್ದನ್ನು ಕೊಚ್ಚಿ ತೆಗೆದು, ಪಕ್ಕದ್ದರ ಬುಡ ಕೆದಕಿ ನೋಡಿ ಬರುವಳು. ಪ್ರತಿ ಸಲವೂ ಒಳಗೆ ಬರುತ್ತಾ ಒಂದೇ ಮಾತು. "ಮುಟ್ಟಿದ ಕೈಗೆ ಬುದ್ಧಿ ಬೇಕಿತ್ತ್."

ಧನ್ಯ ಮೊದಲೆರಡು ದಿನ ಎದುರಾಡಿದಳು. ಮೂರನೆಯ ದಿನ ತಟ್ಟೆ ಹಿಡಿದುಕೊಂಡು ಜಗಲಿಗೆ ಹೋದಳು. ಆಮೇಲೆ ಅಡುಗೆಮನೆಗೆ ಬರುವುದನ್ನೇ ಬಿಟ್ಟಳು. ಚಿಕ್ಕಂದಿನಿಂದ ಅಜ್ಜಿಯ ಮಗ್ಗುಲಲ್ಲೇ ಕೂತು, ಮೀನಿನ ಮುಳ್ಳು ಬಿಡಿಸಿಕೊಂಡು ಉಂಡು ದೊಡ್ಡವಳಾದ ಹುಡುಗಿ. ಮನೆಯಲ್ಲಿ ಮಾತೆಲ್ಲ ಪುಷ್ಪಳ ಮೂಲಕವೇ ನಡೆಯತೊಡಗಿತು.

"ನಿನ್ನ ಮಗಳಿಗೆ ಹೇಳ್, ತಲೆ ಒರ್ಸ್ಕಂಬುಕೆ. ಶೀತ ಆತ್ತ್."

"ನಿಮ್ಮ ಅತ್ತೆಗೆ ಹೇಳಿ, ನನ್ನ ತಲೆ ನಂಗೆ ಒರ್ಸುಕೆ ಬತ್ತ್."

"ನಾ ಎಂತ, ಇಬ್ಬರ ಪೋಸ್ಟ್‌ಮ್ಯಾನಾ?" ಎಂದು ಪುಷ್ಪ ನಕ್ಕು ಹೇಳಿದರೂ ಯಾರೂ ನಗಲಿಲ್ಲ.

ಗುರುವಾರ ಧನ್ಯ ಒಂದು ಹಾಳೆ ತಂದು ಉಪ್ಪಿನ ಭರಣಿಯ ಕೆಳಗಿಟ್ಟಳು. ಹಾಸ್ಟೆಲಿನ ಅರ್ಜಿ. "ಅಪ್ಪಯ್ಯನ ಸೈನ್ ಬೇಕ್. ಬಸ್ಸಲ್ಲಿ ಹೋಯಿ ಬಪ್ಪುದ್ ಸಾಕಾಯ್ತ್ ನಂಗೆ."

"ಬಸ್ಸಲ್ಲಿ ಅರ್ಧ ಗಂಟೆ ಮಗಾ."

"ಮನೆಯಲ್ಲಿ ದಿನ ಇಡೀ ಅಲ್ದಾ ಅಮ್ಮ?"

ಪುಷ್ಪ ಅಕ್ಕಿ ತೊಳೆಯಲು ತಿರುಗಿದಳು. ಸಂಜೆ ಪಕ್ಕದ ಮನೆಯ ಸರೋಜ ಕರಿಬೇವಿಗೆಂದು ಬಂದವಳು, ಮಡಿಯ ಹತ್ತಿರ ನಿಂತು ನಾಲಗೆ ಲೊಚಗುಟ್ಟಿದಳು. "ಧನ್ಯ ಮುಟ್ಟಿ ಹೀಂಗಾಯ್ತ್ ಅಂಬ್ರಲೆ? ನಾಗಕ್ಕ ಹಾಲಿನ ಡೇರಿಯಲ್ಲಿ ಹೇಳ್ತಿದ್ರ್."

ಡೇರಿಯವರೆಗೆ ಹೋದ ಮಾತು ತಿರುಗಿ ಬರುವುದಿಲ್ಲ. ಅರಶಿನ ಪೂರಾ ಸತ್ತರೆ, ನಾಗಮ್ಮನ ತೌರನ್ನು ಅಳಿಸಿದವಳು ಎನ್ನುವುದು ಈ ಹುಡುಗಿಯ ಹೆಸರಿಗೆ ಅಂಟಿಕೊಂಡೇ ಉಳಿಯುತ್ತದೆ. ಪುಷ್ಪ ಕರಿಬೇವು ಮುರಿದು ಕೊಟ್ಟು, ಮರುದಿನ ಬೆಳಿಗ್ಗೆ ಕೆಲಸವೆಲ್ಲ ಏಳು ಗಂಟೆಗೇ ಮುಗಿಸಿದಳು. ಅರ್ಧ ಕೊಳೆತ ಒಂದು ಬುಡವನ್ನು ದಂಟು ಸಮೇತ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಸ್ಸು ಹತ್ತಿದಳು.

"ಅಕ್ಕಾ, ಹಳ್ಸಿದ ಮೀನಾ? ಹಿಂದೆ ಇಡಿ," ಎಂದ ಕಂಡಕ್ಟರ್.

"ಮೀನಲ್ಲ ಮರಾಯ, ಅರಶಿನ."

"ಅರಶಿನಕ್ಕೆ ಈ ವಾಸನಿಯಾ! ಹಾಂಗಾರೆ ಇನ್ನೂ ಹಿಂದೆ ಇಡಿ."

ಕುಂದಾಪುರದಲ್ಲಿ ಬಸ್ಸು ಬದಲಿಸಿ ಬ್ರಹ್ಮಾವರದಲ್ಲಿ ಇಳಿದು, ಕೃಷಿಯವರ ಕಚೇರಿಯನ್ನು ಕೇಳಿಕೊಂಡು ಹೋದಳು. ಅಲ್ಲಿದ್ದ ಶ್ರೀಲತಾ ಮೇಡಂ ಪುಷ್ಪಳಿಗಿಂತ ಚಿಕ್ಕವರು. ಚೀಲ ಬಿಚ್ಚಿದಾಗ ಮುಖ ಸಿಂಡರಿಸಲಿಲ್ಲ. ದಂಟಿನ ಬುಡದಿಂದ ಬೆರಳುದ್ದ ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿದರು.

"ಸ್ವಲ್ಪ ಹೊತ್ತು ನೋಡ್ತಾ ಇರಿ ಅಕ್ಕ."

ನೋಡುತ್ತಿದ್ದಂತೆ ತುಂಡಿನ ಕೆಳಗಿನಿಂದ ಬಿಳಿಯ ನೂಲೊಂದು ಇಳಿಯಿತು. ಹೊಗೆಯ ಹಾಗೆ ತಿರುಗುತ್ತಾ ಲೋಟದ ತಳಕ್ಕೆ ಹೋಗಿ ಹಾಲಿನಂತೆ ಹರಡಿತು.

"ಇದು ರೋಗ. ಬ್ಯಾಕ್ಟೀರಿಯಾ. ಕಣ್ಣಿಗೆ ಕಾಣದಷ್ಟು ಸಣ್ಣದು, ರಾಶಿ ಬಿದ್ದಾಗ ಹೀಗೆ ಕಾಣ್ತದೆ. ಮಡಿಯಲ್ಲಿ ನೀರು ನಿಲ್ತದಾ?"

"ಈ ವರ್ಷ ನಿಂತಿತ್ತು."

"ಗೆಡ್ಡೆ ಯಾವುದರಲ್ಲಿ ಕೊಯ್ತೀರಿ?"

"ಮೀನಿನ ಕತ್ತಿಯಲ್ಲಿ. ಅತ್ತೆ ಕೊಯ್ಯೂದು. ಒಂದೊಂದು ಸಲ ಒಂದೊಂದು ಬುಡದಿಂದ."

ಶ್ರೀಲತಾ ಮೇಡಂ ತಲೆಯಾಡಿಸಿದರು. "ರೋಗದ ಬುಡಕ್ಕೆ ಹಾಕಿದ ಕತ್ತಿಯನ್ನೇ ಒಳ್ಳೆಯದಕ್ಕೆ ಹಾಕಿದರೆ ನಾವೇ ಹೊತ್ತುಕೊಂಡು ಹೋಗಿ ಹಂಚಿದ ಹಾಗೆ."

ಪುಷ್ಪ ಸೆರಗಿನ ತುದಿ ಹಿಂಡುತ್ತಾ, ಕೇಳಬೇಕೆಂದೇ ಇಷ್ಟು ದೂರ ಬಂದಿದ್ದ ಮಾತನ್ನು ಕೇಳಿದಳು. "ಮುಟ್ಟಾದವರು ಎಲೆ ಕೊಯ್ದರೆ ಹೀಗಾಗ್ತದಾ ಮೇಡಂ?"

"ನಮ್ಮ ಅಜ್ಜಿಯೂ ಹಾಗೇ ಹೇಳ್ತಿದ್ರು," ಎಂದರು ಅವರು. "ಇಲ್ಲ ಅಕ್ಕ. ಆಗೂದಿಲ್ಲ."

ಆಮೇಲೆ ಮಾಡಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಟ್ಟರು. ಎಲ್ಲ ಬುಡ ಅಗೆದು ತೆಗೆಯಬೇಕು. ಮೆತ್ತಗಾದ್ದನ್ನು ಗಟ್ಟಿ ತಿರುಳು ಸಿಗುವ ತನಕ ಕೆತ್ತಿ, ಕೆತ್ತಿದ್ದನ್ನು ಸುಡಬೇಕು. ಪ್ರತಿ ಸಲ ಕೆತ್ತಿದ ಮೇಲೂ ಕತ್ತಿಯನ್ನು ಬ್ಲೀಚಿಂಗ್ ಪುಡಿಯ ನೀರಿಗೆ ಅದ್ದಬೇಕು. ಉಳಿದ ಗೆಡ್ಡೆಯನ್ನು ಅದೇ ಥರದ ತೆಳು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ನೆರಳಿನಲ್ಲಿ ಗಾಯ ಒಣಗುವ ತನಕ ಇಟ್ಟು, ನೀರು ನಿಲ್ಲದ ಬೇರೆ ಜಾಗದಲ್ಲಿ ನೆಡಬೇಕು. ಹಳೆಯ ಮಡಿಗೆ ಮೂರು ವರ್ಷ ಅರಶಿನ, ಶುಂಠಿ, ಬದನೆ ಬೇಡ. "ಎಲ್ಲವೂ ಬದುಕ್ತದೆ ಅಂತ ನಾನು ಹೇಳಲಾರೆ. ಗಟ್ಟಿ ಇದ್ದದ್ದು ಬದುಕಬಹುದು."

ಬಸ್ಸಿನಲ್ಲಿ ವಾಪಸು ಬರುವಾಗ ಪುಷ್ಪ ಚೀಟಿಯನ್ನು ಎರಡು ಸಲ ಓದಿದಳು. ಕತ್ತಿಯ ಮಾತು ಹೇಳದಿದ್ದರೆ ಮಗಳ ಮೇಲಿನ ಅಪವಾದ ಹೋಗದು. ಹೇಳಿದರೆ ಎಪ್ಪತ್ತು ದಾಟಿದ ಹೆಂಗಸಿಗೆ, ನಿಮ್ಮ ತೌರನ್ನು ನೀವೇ ಕೊಂದಿರಿ ಎಂದ ಹಾಗೆ. ಮರವಂತೆಯ ನಿಲ್ದಾಣ ಬಂದರೂ ಒಂದು ತೀರ್ಮಾನ ಆಗಲಿಲ್ಲ.

ಮನೆಗೆ ಬಂದವಳೇ ಗಾಜಿನ ಲೋಟದಲ್ಲಿ ನೀರು ತುಂಬಿಸಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಹಿತ್ತಿಲಿನಿಂದ ಒಂದು ದಂಟು ತಂದು ತುಂಡು ಮಾಡಿ ಹಿಡಿದಳು. "ಅತ್ತೆ, ಒಂಚೂರ್ ಇಲ್ಲಿ ಕಾಣಿ."

ನಾಗಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದಳು. ಬಿಳಿ ನೂಲು ಇಳಿಯಿತು. "ಹಾಲ್ ಬಿಟ್ಟಾಂಗೆ ಕಾಣ್ತ್! ಇದ್ ಎಂತ?"

"ರೋಗ ಅತ್ತೆ. ನೀರ್ ನಿಂತ್ರೆ ಬತ್ತ್ ಅಂಬ್ರ್. ಅಗ್ದ್ ತೆಗ್ದ್, ಕೆತ್ತಿ, ಮದ್ದಿನ್ ನೀರಗೆ ಹಾಕ್ರೆ ಬದ್ಕಿ ಒಳುಕೂ ಸಾಕ್ ಅಂಬ್ರ್."

"ಪೂರಾ ಅಗೂದಾ?" ನಾಗಮ್ಮ ಹಿತ್ತಿಲ ಕಡೆ ತಿರುಗಿದಳು. "ನಲ್ವತ್ತೆಂಟ್ ವರ್ಷದಗೆ ನಾ ಪೂರಾ ಅಗ್ದದ್ದಿಲ್ಲೆ."

"ಅಗೀದೆ ಇದ್ರೆ ಪೂರಾ ಹೋತ್ತ್ ಅತ್ತೆ."

ನಾಗಮ್ಮ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಆಯ್ತ್. ಆಯಿತವಾರ ಅಗೂವ," ಎಂದಳು ಕಡೆಗೆ.

ಆದಿತ್ಯವಾರ ಮಳೆ ಬಿಟ್ಟು ಹೊಳವಾಗಿತ್ತು. ಬಾವಿಗೆ ಹಾಕಲೆಂದು ಪಂಚಾಯತಿಯವರು ಕೊಟ್ಟ ಬ್ಲೀಚಿಂಗ್ ಪುಡಿ ಬಚ್ಚಲುಮನೆಯ ಗೂಡಿನಲ್ಲಿ ಹಾಗೇ ಕೂತಿತ್ತು. ಚಹಾದ ರುಚಿ ಕೆಡುತ್ತದೆಂದು ನಾಗಮ್ಮ ಬಾವಿಗೆ ಹಾಕಲು ಬಿಟ್ಟಿರಲಿಲ್ಲ. ಧನ್ಯ ಮೂಗಿಗೆ ಬಟ್ಟೆ ಕಟ್ಟಿಕೊಂಡು ಎರಡು ಬಕೆಟ್ಟಿನಲ್ಲಿ ಅದನ್ನು ಕದಡಿದಳು. ಅಮ್ಮ ಕರೆದದ್ದಕ್ಕೆ ಬಂದದ್ದು ಎನ್ನುವುದು ಅವಳ ಮುಖದಲ್ಲೇ ಬರೆದಿತ್ತು. ಚಂದು ಲುಂಗಿ ಎತ್ತಿ ಕಟ್ಟಿ ಪಿಕಾಸಿ ಹಿಡಿದ.

ನಾಲ್ಕು ಬುಡ ಅಗೆಯುವಷ್ಟರಲ್ಲಿ ಅವನು ನಿಂತು ಮೇಲೆ ನೋಡಿದ. ಬಲೆ ಇಡಲೆಂದು ಈ ಬೇಸಿಗೆಯಲ್ಲಿ ಅವನೇ ಇಳಿಸಿ ಕಟ್ಟಿದ ಶೀಟಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀದಾ ಮಡಿಯ ನಡುವಿಗೆ. ಅಲ್ಲಿ ಮಣ್ಣು ಕೆಸರಾಗಿತ್ತು.

"ಥೋ! ಇದ್ ನನ್ನ ಕೆಲ್ಸ. ಶೀಟ್ ಹಾಕುವತಿಗೆ ನೀರ್ ಎಲ್ಲಿ ಬೀಳ್ತ್ ಅಂತ ಕಾಣ್ಲೇ ಇಲ್ಲೆ." ಮುಖ ಒರೆಸಿಕೊಂಡು ನಕ್ಕ. "ತಪ್ಪ್ ನನ್ದ್ ಅಮ್ಮ. ಬೈಯೂದಾರೆ ನಂಗೇ ಬೈಯಿ."

"ಬೈದ್ರೆ ನಿಂಗೆ ತಾಗ್ತಾ?" ಎಂದಳು ನಾಗಮ್ಮ. ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

ಪುಷ್ಪ ಕೆತ್ತಲು ಕೂತಳು. ಕಂದಿದ್ದನ್ನು ತೆಗೆದು ತೆಗೆದು, ಒಳಗಿನ ಕೇಸರಿ ತಿರುಳು ಕಂಡಾಗ ಹಗುರಾಗಿ ಉಸಿರು ಬಿಡುವಳು. ಕೆಲವು ಗೆಡ್ಡೆಗಳಲ್ಲಿ ಎಷ್ಟು ಕೆತ್ತಿದರೂ ತಿರುಳು ಸಿಗದೆ ಎಲ್ಲವೂ ಬೆಂಕಿಯ ರಾಶಿಗೆ ಹೋಗುತ್ತಿತ್ತು. ಪ್ರತಿ ಗೆಡ್ಡೆಯ ನಂತರ ಧನ್ಯ ಕೈಚಾಚುವಳು. "ಕತ್ತಿ ಕೊಡಿ ಅಮ್ಮ." ಅದ್ದಿ, ಅಲುಗಾಡಿಸಿ, ವಾಪಸು ಕೊಡುವಳು.

"ಒಂದೊಂದ್ ಸಲಕ್ಕೂ ಅದ್ದುದ್ ಎಂತಕ್ಕೆ?" ನಾಗಮ್ಮ ಕೇಳಿದಳು. ಕೇಳಿದ್ದು ಸೊಸೆಯನ್ನು. ಪುಷ್ಪ ಬಗ್ಗಿದ ತಲೆ ಎತ್ತಲಿಲ್ಲ. ಉತ್ತರ ಬಂದದ್ದು ಮೊಮ್ಮಗಳಿಂದ. ಚೀಟಿಯಲ್ಲಿದ್ದದ್ದನ್ನು ಅವಳು ಪಾಠ ಒಪ್ಪಿಸುವಂತೆ ಹೇಳಿದಳು.

"ಕತ್ತಿಗೆ ಹತ್ತಿದ ರೋಗ ಮತ್ತೊಂದ್ ಗೆಡ್ಡೆಗೆ ಹೋತ್ತ್. ಅದಕ್ಕೆ."

ನಾಗಮ್ಮನ ಕೈಯಲ್ಲಿದ್ದ ಗೆಡ್ಡೆ ಅಲ್ಲೇ ನಿಂತಿತು. ಅವಳು ಮಡಿಯತ್ತ ತಿರುಗಿದಳು. ಅಡುಗೆಮನೆ ಬಾಗಿಲ ಬದಿಯಿಂದ ಸಾಲಾಗಿ ಗುಂಡಿಗಳು. ಅವಳು ವಾರವಾರ ಕತ್ತಿ ಹಾಕುತ್ತಾ ಹೋದ ದಾರಿ ಅದು. ಬಾವಿಯ ಕಡೆಯ ಮೂಲೆಯಲ್ಲಿ ಒಂದು ಬುಡ ಮಾತ್ರ ಸೊಂಟದೆತ್ತರಕ್ಕೆ ಹಸಿರಾಗಿ ನಿಂತಿತ್ತು.

ಚಂದು ಅದಕ್ಕೆ ಪಿಕಾಸಿ ಎತ್ತಿದವನು ಕೆಳಗಿಳಿಸಿದ. "ಇದಕ್ಕೆ ಎಂತ ಆಯ್ಲಿಲ್ಯಲೆ? ಗಟ್ಟಿ ಇತ್ತ್."

"ಅದ್ರಗೆ ನಾ ಗೆಡ್ಡೆ ತೆಗೂದಿಲ್ಲೆ," ಎಂದಳು ನಾಗಮ್ಮ ನಿಧಾನವಾಗಿ. "ಎಲೆಗೆ ಅಂತ ಬಿಟ್ಟದ್ದ್."

"ನಾ ಎಲೆ ಕೊಯ್ದದ್ದೂ ಅದ್ರಿಂದ್ಲೇ," ಎಂದಳು ಧನ್ಯ, ಬಕೆಟ್ಟಿನಿಂದ ತಲೆ ಎತ್ತದೆ. "ಯಾವುದ್ರಿಂದ ಕೊಯ್ದೆ ಅಂತ ನನ್ನನ್ನ ಯಾರೂ ಕೇಣ್ಲಿಲ್ಲೆ."

ನಿಜ. ಪುಷ್ಪಳೂ ಕೇಳಿರಲಿಲ್ಲ.

ನಾಗಮ್ಮ ಕೈ ತೊಳೆದು ಒಳಗೆ ಹೋದಳು. ಮಧ್ಯಾಹ್ನ ಹುರುಳಿ ಸಾರು, ಚಿಪ್ಪುಮೀನು ಬಳ್ಚಿನ ಸುಕ್ಕ ಮಾಡಿದ್ದರೂ, ಬಳ್ಚಿನ ಚಿಪ್ಪು ಬಿಡಿಸುವುದೆಂದರೆ ಪ್ರಾಣ ಬಿಡುವ ನಾಗಮ್ಮ ಬರೀ ಅನ್ನ ಕಲಸಿಕೊಂಡು ಎದ್ದಳು. ಮೂಲೆಯ ಬುಡವನ್ನು ಅಗೆಯದೆ ಹಾಗೇ ಬಿಟ್ಟರು. ಕೆತ್ತಿ ಉಳಿದದ್ದು ಹನ್ನೊಂದು ತುಂಡು. ನೆನೆಸಿ ತೆಗೆದು, ಗಾಯಕ್ಕೆ ಬೂದಿ ಸವರಿ, ಗೋಣಿಯ ಮೇಲೆ ಜಗಲಿಯ ಮೂಲೆಯಲ್ಲಿ ಹರಡಿದರು. ಮರುದಿನ ಪುಷ್ಪ ನೋಡುವಾಗ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಕೂತು ಮೀನಿನ ಕತ್ತಿಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ತಿಕ್ಕಿ ತೊಳೆದು ಬ್ಲೀಚಿಂಗ್ ನೀರಿಗೆ ಅದ್ದಿ, ಮತ್ತೆ ತಿಕ್ಕುವುದು.

"ಸಾಕ್ ಅತ್ತೆ, ಕೈ ಸುಲೀತ್."

"ಇದ್ ಇನ್ ಮೀನಿಗ್ ಮಾತ್ರ," ಎಂದಳು ನಾಗಮ್ಮ. "ಅರಶಿನಕ್ಕೆ ಬೇರೆ ಒಂದ್ ತಕಂಡ್ ಬಪ್ಪುಕೆ ಹೇಳ್ ಅವನಿಗೆ." ಸ್ವಲ್ಪ ಹೊತ್ತು ಬಿಟ್ಟು, "ನಿಂಗೆ ಮೊದ್ಲೇ ಗೊತ್ತಿತ್ತ್ ಅಲ್ದಾ?"

ಪುಷ್ಪ ಒಗೆದ ಬಟ್ಟೆ ಹಿಂಡಿದಳು. "ಹೂಂ."

"ಹೇಳುಕ್ ಆಗ್ತಿತ್ತ್."

"ನಿಮ್ಮ ಹತ್ರ ಹೇಂಗ್ ಹೇಳುದ್ ಅತ್ತೆ?"

ನಾಗಮ್ಮ ಕತ್ತಿಯ ಮೇಲೆ ನೀರು ಹೊಯ್ದಳು.

ಎಲ್ಲಿ ನೆಡುವುದೆಂಬುದಕ್ಕೆ ಚಂದುವೇ ದಾರಿ ಹುಡುಕಿದ. ಬೋಟಿನಲ್ಲಿ ಮೀನು ತುಂಬುವ ಪ್ಲಾಸ್ಟಿಕ್ ಬಾಕ್ಸ್‌ಗಳು, ಕಿವಿ ಮುರಿದದ್ದು ಮೂರು, ಬೇಲಿಯ ಬದಿ ಬಿದ್ದಿದ್ದವು. ತಳದಲ್ಲಿ ತೂತು ಇದ್ದೇ ಇತ್ತು. ತೊಳೆದು, ಬಿಸಿಲಿಗಿಟ್ಟು, ಬಾವಿಯಾಚೆಯ ದಿಬ್ಬದಿಂದ ಹೊಸ ಮಣ್ಣು ತಂದು ತುಂಬಿದ. ಹನ್ನೊಂದು ತುಂಡು ಅವುಗಳಲ್ಲಿ ಮಲಗಿದವು. ಶೀಟಿನ ಅಂಚಿಗೆ ಅಡಿಕೆ ಮರ ಸೀಳಿದ ದಂಬೆಯೊಂದನ್ನು ಕಟ್ಟಿ ನೀರನ್ನು ತೆಂಗಿನ ಬುಡಕ್ಕೆ ತಿರುಗಿಸಿದ. ಆಗಸ್ಟ್ ಬಂದು ಬೋಟು ಕಡಲಿಗಿಳಿದಾಗ ಅವನೂ ಹೋದ. ಹಾಸ್ಟೆಲಿನ ಅರ್ಜಿಗೆ ಸೈನ್ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಉಪ್ಪಿನ ಭರಣಿಯ ಕೆಳಗೆ ಅದು ತೇವ ಕುಡಿಯುತ್ತಾ ಕೂತಿತು.

ಎರಡು ವಾರ ಏನೂ ಏಳಲಿಲ್ಲ. ನಾಗಮ್ಮ ಬೆಳಿಗ್ಗೆ ಎದ್ದು ಮೊದಲು ಬಾಕ್ಸ್‌ಗಳ ಹತ್ತಿರ ಹೋಗಿ ಬಗ್ಗುವಳು. ಧನ್ಯ ಕಾಲೇಜಿಗೆ ಹೊರಡುವಾಗ ಜಗಲಿಯಿಂದಲೇ ತಾಯಿಯನ್ನು ಕೇಳುವಳು, "ಬಂತಾ?" ಪುಷ್ಪ ಇಲ್ಲವೆಂದು ತಲೆಯಾಡಿಸುವಳು. ಡೇರಿಯಿಂದ ಬಂದ ಸರೋಜ ಒಂದು ದಿನ ಸುದ್ದಿ ತಂದಳು. "ನಾಗಕ್ಕ ಇವತ್ತ್ ಎಲ್ಲರ ಎದುರಿಗೆ ಹೇಳ್ರ್. ಹುಡುಗಿಯಿಂದ ಆದ್ದಲ್ಲ, ಕತ್ತಿಯಿಂದ ಆದ್ದ್, ನನ್ನ ಕತ್ತಿಯಿಂದ್ಲೇ ಅಂತ."

ಪುಷ್ಪಳ ಕೈಯ ಲೋಟ ತುಂಬಿ ಚಹಾ ಚೆಲ್ಲಿತು. ಸಂಜೆ ಆ ಮಾತನ್ನು ಧನ್ಯಳಿಗೆ ಹೇಳಿದಳು. ಧನ್ಯ ಚಪ್ಪಲಿ ಬಿಚ್ಚುತ್ತಾ, "ಡೇರಿಯಲ್ಲಿ ಹೇಳ್ರೆ ಸಾಕಾ? ಮನೆಯಲ್ಲಿ ಹೇಳುಕೆ ಬಾಯಿ ನೋಯ್ತಾ?" ಎಂದಳು. ಆದರೆ ಆ ದಿನ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲ ತನಕ ಬಂದು, ಅಲ್ಲೇ ಕೂತು ಉಂಡಳು.

ಚೌತಿಯ ಮರುವಾರ ಚಂದು ಕಡಲಿನಿಂದ ಬಂದಿದ್ದ. ಅವನಿಗೆಂದು ಪುಷ್ಪ ಕಡುಬಿಗೆ ಅಕ್ಕಿ ಅರೆದಿಟ್ಟಿದ್ದಳು. ಹಿತ್ತಿಲಿನಿಂದ ಮತ್ತೆ ಕೂಗು.

"ಹ್ವಾಯ್! ಬನ್ನಿ, ಎಲ್ಲ ಬನ್ನಿ ಇಲ್ಲಿ!"

ಪುಷ್ಪ ಕೈಯ ಹಿಟ್ಟನ್ನೂ ತೊಳೆಯದೆ ಎದ್ದಳು. ಓಡಿದಳು. ನಾಗಮ್ಮ ಬಾಕ್ಸ್‌ಗಳ ಮುಂದೆ ಕೂತು ಮಣ್ಣಿಗೆ ಬೆರಳು ತೋರಿಸುತ್ತಿದ್ದಳು. ಮೊದಲ ಬಾಕ್ಸಿನಲ್ಲಿ ಸುರುಳಿ ಸುತ್ತಿದ ಮೂರು ಮೊಳಕೆ. ಎರಡನೆಯದರಲ್ಲಿ ಎರಡು. ಮೂರನೆಯದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ತುದಿಯೊಂದು.

"ಆರ್," ಎಂದಳು ನಾಗಮ್ಮ. "ಹನ್ನೊಂದ್ರಗೆ ಆರ್." ಮೂಗು ಸೆರಗಿನಿಂದ ಒರೆಸಿಕೊಂಡಳು. "ಬದ್ಕಿ ಒಳೀತ್ ಪುಷ್ಪಾ. ಒಳೀತ್."

"ಬಾಕ್ಸಗೆ ಬಂಗುಡೆ ತುಂಬ್ಸೂದ್ ಬಿಟ್ಟ್ ಇನ್ ಅರಶಿನ ತುಂಬ್ಸುವನಾ?" ಎಂದ ಚಂದು ಹಿಂದಿನಿಂದ.

ಧನ್ಯ ಜಗಲಿಯ ಕಂಬ ಹಿಡಿದು ಅಲ್ಲಿಂದಲೇ ಕತ್ತು ಚಾಚುತ್ತಿದ್ದಳು. ಹತ್ತಿರ ಬರಲಿಲ್ಲ. ನಾಗಮ್ಮ ತಿರುಗಿ ನೋಡಿದಳು.

"ಎಂತ ಹೆಣ್ಣೆ, ಅಲ್ಲೇ ನಿಂತದ್ದ್? ಕಡುಬಿಗೆ ಎಲೆ ಬ್ಯಾಡ್ದಾ? ಆ ಮೂಲೆ ಬುಡದಗೆ ಕೊಯ್ಕಂಡ್ ಬಾ, ಒಂದ್ ಹತ್ತ್."

ಒಂದೂವರೆ ತಿಂಗಳಾದ ಮೇಲೆ ಅಜ್ಜಿ ನೇರವಾಗಿ ಆಡಿದ ಮೊದಲ ಮಾತು. ಧನ್ಯ ಅಮ್ಮನನ್ನು ನೋಡಿದಳು, ಆಮೇಲೆ ಅಜ್ಜಿಯನ್ನು.

"ಅಜ್ಜಿ, ನಾ ಇವತ್ತ್ ಹೊರಗೆ."

"ಗೊತ್ತಿತ್ತ್ ನಂಗೆ. ಬೆಳಿಗ್ಗೆ ತುಳಸಿಗೆ ನೀರ್ ಹಾಕ್ಲಿಲ್ಲೆ ನೀ." ನಾಗಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು. "ನೀ ಮುಟ್ಟಿದ ಬುಡ ಒಂದೇ ಮಾರಾಯ್ತಿ, ಎಂತದೂ ಆಗ್ದೆ ಒಳ್ದದ್ದ್. ಹೋಗ್. ಕತ್ತಿ ತಕಣ್ಬೇಡ, ಕೈಯಗೇ ಕೊಯ್."

ಧನ್ಯ ಅಂಗಳಕ್ಕೆ ಇಳಿದಳು. ಅಗಲವಾದ ಎಲೆಗಳನ್ನು ಒಂದೊಂದಾಗಿ ಮುರಿಯುವಾಗ ಪರಿಮಳ ಬಾವಿಯ ತನಕ ಬಂತು. ಎಣಿಸಿದ್ದು ಹತ್ತಾದರೂ ತಂದದ್ದು ಹನ್ನೆರಡು. ನಾಗಮ್ಮ ಅವಳ ಕೈಯಿಂದ ತೆಗೆದುಕೊಂಡು ಮೂಸಿ ನೋಡಿ, ತೊಳೆಯಲು ಬಾವಿಕಟ್ಟೆಗೆ ಕೂತಳು. ಮೊಮ್ಮಗಳು ನೀರು ಸೇದಿ ಹೊಯ್ದಳು. ನೀರು ಜಾಸ್ತಿ ಬಿತ್ತೆಂದು ಅಜ್ಜಿ ಬೈದಳು, ಹಾಗಾದರೆ ನೀವೇ ಸೇದಿ ಎಂದು ಇವಳು ಅಂದಳು.

ಪುಷ್ಪ ಒಳಗೆ ಬಂದು ಎಲೆಗೆ ಹಿಟ್ಟು ಹಚ್ಚಿ, ಕಾಯಿ ಬೆಲ್ಲದ ಹೂರಣ ಇಟ್ಟು ಮಡಚಿದಳು. ಕಡುಬು ಬೇಯಿಸುವ ಪಾತ್ರೆಯ ಅಡಿಗೆ ಬೆಂಕಿ ಹಿಡಿಸಲು ಕಾಗದ ಬೇಕಾಗಿ ಸುತ್ತ ನೋಡಿದಳು. ಉಪ್ಪಿನ ಭರಣಿಯ ಕೆಳಗಿನ ಹಾಳೆ ಕಂಡಿತು. ಕೈ ಚಾಚಿದವಳು ತಡೆದು, ಹಿತ್ತಿಲ ಕಡೆ ಮುಖ ಮಾಡಿ ಕೂಗಿದಳು.

"ಧನ್ಯಾ, ಈ ಕಾಗ್ದ ಬೇಕಾ ಮಗಾ?"

"ಯಾವ ಕಾಗ್ದ?"

"ಹಾಸ್ಟೆಲಿಂದ್."

ಬಾವಿಯ ರಾಟೆ ಒಂದು ಸುತ್ತು ತಿರುಗಿ ನಿಂತಿತು.

"ಅದ್ ಒದ್ದೆ ಆಯ್ತಲೆ ಅಮ್ಮ," ಎಂದಳು ಧನ್ಯ. "ಒಲೆಗೆ ಹಾಕಿ. ಹೊತ್ತತಾ ಕಾಣಿ."

ಹೊಗೆ ಬಹಳ ಬಂತು, ಆದರೆ ಹೊತ್ತಿತು. ಪುಷ್ಪ ಕಣ್ಣೊರೆಸಿಕೊಂಡು, ಅಡುಗೆಮನೆಯ ನೆಲ ಗುಡಿಸಿ ನಾಲ್ಕು ಮಣೆ ಹಾಕಿದಳು.